ಸಿಎ ಫೈನಲ್ ಪಾಸಾಯಿತು, ಸಹಿ ಹಾಕುವ ಹಕ್ಕು ಇನ್ನೂ ಬಂದಿಲ್ಲ

ಫಲಿತಾಂಶ ಬಂದ ಸಂಜೆಯೇ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರಿಗೆ ‘ಸಿಎ’ ಸೇರಿಬಿಟ್ಟಿರುತ್ತದೆ. ಸೋದರಮಾವ ಸ್ಟೇಟಸ್ ಹಾಕಿರುತ್ತಾರೆ, ಪಕ್ಕದ ಮನೆಯವರು ತಮ್ಮ ರಿಟರ್ನ್ ತಂದುಕೊಡಲೇ ಎಂದು ಕೇಳಿಯೂ ಆಗಿರುತ್ತದೆ. ಅವರು ಸಂತೋಷಕ್ಕೆ ಏನಾದರೂ ಬರೆಯಲಿ. ಪಾಸಾದವರು ಮಾತ್ರ ಲಿಂಕ್ಡ್‌ಇನ್‌ನಲ್ಲೋ ವಿಸಿಟಿಂಗ್ ಕಾರ್ಡಿನಲ್ಲೋ ಆ ಎರಡಕ್ಷರ ಬರೆದುಕೊಳ್ಳಬಾರದು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಲೆಕ್ಕದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂದರೆ ಸಿಎಗಳ ವೃತ್ತಿ ಸಂಸ್ಥೆಯಾದ ಐಸಿಎಐ ಎಂಬ ಇನ್‌ಸ್ಟಿಟ್ಯೂಟಿನ ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಇರುವವರು. ಸದಸ್ಯರಲ್ಲದವರು ಹಾಗೆ ಹೇಳಿಕೊಂಡರೆ ಕಾಯ್ದೆಯ 24ನೇ ಕಲಮಿನ ಪ್ರಕಾರ ಅದು ಶಿಕ್ಷಾರ್ಹ ಅಪರಾಧ. ‘ಸಿಎ ಫೈನಲ್ ಉತ್ತೀರ್ಣ’ ಎಂದು ಬರೆದುಕೊಳ್ಳಲು ಅಡ್ಡಿಯಿಲ್ಲ.

ಪಾಸಾದ ಮೇಲೆ ಪಡೆಯಬೇಕಾದದ್ದು ಒಂದೇ ಲೈಸೆನ್ಸ್ ಅಲ್ಲ. ಮೊದಲು ಸದಸ್ಯತ್ವ, ಆಮೇಲೆ ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್, ಅಂದರೆ ಎಲ್ಲರೂ ಹೇಳುವ ಸಿಒಪಿ. ಬೇಕಿದ್ದವರಿಗೆ ಫರ್ಮಿನ ನೋಂದಣಿ. ಪ್ರತಿಯೊಂದಕ್ಕೂ ಅದರದ್ದೇ ತಾರೀಖು. ಆ ತಾರೀಖಿನ ಹಿಂದಿನ ದಿನ ಮಾಡಿದ ಕೆಲಸವನ್ನು ಮರುದಿನ ಬಂದ ಸರ್ಟಿಫಿಕೇಟು ಸರಿಮಾಡಿಕೊಡುವುದಿಲ್ಲ. ಹೊಸಬರು ಪೇಚಿಗೆ ಸಿಕ್ಕುವುದು ಬಹುಪಾಲು ಇಲ್ಲೇ. ಮಾನ್ಯತಾ ಟೆಕ್ ಪಾರ್ಕಿನಲ್ಲೋ ಹೊರವರ್ತುಲ ರಸ್ತೆಯಲ್ಲೋ ಕಂಪನಿ ಕೆಲಸಕ್ಕೆ ಸೇರುವವರಿಗೆ ಸದಸ್ಯತ್ವವೊಂದಿದ್ದರೆ ಸಾಕು. ಮಲ್ಲೇಶ್ವರದಲ್ಲಿ, ಜಯನಗರದಲ್ಲಿ ಸ್ವಂತ ಆಫೀಸು ತೆರೆಯುವವರಿಗೆ ಸಿಒಪಿ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗದು.

ಸದಸ್ಯತ್ವದ ಅರ್ಜಿ ಫಾರ್ಮ್ 2. ಇದಕ್ಕಾಗಿ ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್ ಪ್ರದೇಶದಲ್ಲಿರುವ ಐಸಿಎಐ ಭವನದಲ್ಲಿ ಸಾಲು ನಿಲ್ಲಬೇಕಿಲ್ಲ. ವಿದ್ಯಾರ್ಥಿಯಾಗಿದ್ದಾಗ ಬಳಸಿದ ಸೆಲ್ಫ್ ಸರ್ವೀಸ್ ಪೋರ್ಟಲಿನಲ್ಲೇ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಾಖಲೆ ಏರಿಸಬೇಕು. ಹುಟ್ಟಿದ ದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಫೈನಲಿನ ಎರಡೂ ಗ್ರೂಪುಗಳ ಅಂಕಪಟ್ಟಿ, ಸಿಎ ಆಫೀಸಿನಲ್ಲಿ ಮಾಡುವ ತರಬೇತಿ ಅಂದರೆ ಆರ್ಟಿಕಲ್‌ಶಿಪ್ ಮುಗಿದ ದಾಖಲೆ, ಕಡ್ಡಾಯ ತರಬೇತಿಗಳ ಸರ್ಟಿಫಿಕೇಟು, ಫೋಟೋ ಮತ್ತು ಸಹಿ ಬೇಕಾಗುತ್ತವೆ. 21 ವರ್ಷ ತುಂಬಿರಬೇಕು. ನೈತಿಕ ಅಧಃಪತನದ ಅಪರಾಧಗಳಲ್ಲಿ ಶಿಕ್ಷೆಯಾಗಿದ್ದರೆ, ಅಥವಾ ದಿವಾಳಿ ಎಂದು ಘೋಷಿತರಾಗಿ ಅದರಿಂದ ಇನ್ನೂ ಬಿಡುಗಡೆ ಸಿಕ್ಕಿಲ್ಲದಿದ್ದರೆ, ರಿಜಿಸ್ಟರಿಗೆ ಹೆಸರು ಸೇರುವುದಿಲ್ಲ.

ಕೇಳಲು ಸುಲಭ. ಅರ್ಜಿ ನಿಂತುಹೋಗುವುದು ಸಾಮಾನ್ಯವಾಗಿ ಆರ್ಟಿಕಲ್‌ಶಿಪ್ ಮುಗಿದ ದಾಖಲೆಯ ಹತ್ತಿರ. ತರಬೇತಿ ಮುಗಿದುದಕ್ಕೆ ಫಾರ್ಮ್ 108 ಸಲ್ಲಿಸಬೇಕು, ಅದರಲ್ಲಿ ತರಬೇತಿ ಕೊಟ್ಟ ಸಿಎ, ಅಂದರೆ ಪ್ರಿನ್ಸಿಪಾಲರ ಪಾತ್ರವೂ ಇದೆ. ಆಫೀಸು ಬಿಟ್ಟು ವರ್ಷವಾದ ಮೇಲೆ ನೋಡಿದರೆ ಅದು ಅವರ ಲಾಗಿನ್‌ನಲ್ಲೇ ಬಾಕಿ ಕುಳಿತಿರುತ್ತದೆ. ಸೆಪ್ಟೆಂಬರಿನಲ್ಲಿ ಟ್ಯಾಕ್ಸ್ ಆಡಿಟ್ ಗಡಿಬಿಡಿಯ ನಡುವೆ ಹಳೆಯ ಹುಡುಗನ ಫಾರ್ಮ್ ಯಾರಿಗೆ ನೆನಪಾಗಬೇಕು? ಆದ್ದರಿಂದ ಫಲಿತಾಂಶಕ್ಕೆ ಕಾಯದೆ, ಆಫೀಸು ಬಿಡುವ ವಾರವೇ ಮುಗಿಸಿಕೊಳ್ಳಿ. ಮಧ್ಯದಲ್ಲಿ ಆಫೀಸು ಬದಲಿಸಿದ್ದರೆ ಮೊದಲನೆಯ ಕಡೆ ತರಬೇತಿ ನಿಲ್ಲಿಸಿದ್ದಕ್ಕೆ ಸಲ್ಲಿಸಿದ ಫಾರ್ಮ್ 109 ಕೂಡ ದಾಖಲೆಯಲ್ಲಿ ಕಾಣಿಸಬೇಕು. ಎರಡರ ನಡುವಿನ ದಿನಗಳು ತಾಳೆಯಾಗಬೇಕು. ಮಿತಿ ಮೀರಿ ರಜೆ ಹಾಕಿದ್ದವರು ಅಷ್ಟು ದಿನ ಹೆಚ್ಚಿಗೆ ಕೆಲಸ ಮಾಡಿ ತುಂಬಿಕೊಡಬೇಕು, ಇಲ್ಲದಿದ್ದರೆ ತರಬೇತಿ ಮುಗಿದಂತೆಯೇ ಅಲ್ಲ. ಮೂರು ವರ್ಷದ ಹಳೆಯ ಪದ್ಧತಿಯವರು ಕೊನೆಯ ಆರು ತಿಂಗಳಲ್ಲಿ ಪರೀಕ್ಷೆ ಬರೆಯಬಹುದಿತ್ತು. ಅಂಥವರು ಪಾಸಾದರೂ ತರಬೇತಿಯ ಕೊನೆಯ ದಿನದವರೆಗೆ ಸದಸ್ಯತ್ವಕ್ಕೆ ಕಾಯಲೇಬೇಕು.

ಇನ್ನು ಹೆಸರು. ನಮ್ಮ ಕಡೆಯವರಿಗೆ ಇದರಷ್ಟು ತೊಂದರೆ ಕೊಡುವುದು ಬೇರೊಂದಿಲ್ಲ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ‘ಮಂಜುನಾಥ ಎಚ್. ಆರ್.’ ಎಂದಿರುತ್ತದೆ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ಲಿಗೆ ಜಾಗವಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಊರಿನ ಹೆಸರು ಹೊಸಹಳ್ಳಿ, ಅಪ್ಪನ ಹೆಸರು ರಾಮಯ್ಯ ಎರಡೂ ಸೇರಿ, ಕೆಲವೊಮ್ಮೆ ಹಿಂದುಮುಂದಾಗಿ, ‘ಹೊಸಹಳ್ಳಿ ರಾಮಯ್ಯ ಮಂಜುನಾಥ’ ಆಗಿರುತ್ತದೆ. ಆಧಾರಿನಲ್ಲಿ ಬರೀ ‘ಮಂಜುನಾಥ್’. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಅಕ್ಷರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ನಮ್ಮ ಕಣ್ಣಿಗೆ ಎಲ್ಲವೂ ಒಬ್ಬನೇ ಮನುಷ್ಯ. ಕಂಪ್ಯೂಟರಿಗೆ ಮೂವರು.

ಇದು ಎಲ್ಲಿ ಚುಚ್ಚುತ್ತದೆ ಎಂದರೆ, ಸದಸ್ಯರ ರಿಜಿಸ್ಟರಿಗೆ ಹೋಗುವುದು ವಿದ್ಯಾರ್ಥಿ ದಾಖಲೆಯ ಹೆಸರು. ಡಿಜಿಟಲ್ ಸಹಿಯ ಟೋಕನ್ ಬರುವುದು ಪ್ಯಾನಿನ ಹೆಸರಿಗೆ. ಆದಾಯ ತೆರಿಗೆ ಪೋರ್ಟಲಿನಲ್ಲಿ ಸಿಎ ಎಂದು ನೋಂದಾಯಿಸುವಾಗ ಇವೆರಡನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಹೊಂದದಿದ್ದರೆ ಅಲ್ಲೇ ನಿಂತಿತು, ಅದೂ ಮೊದಲ ಕ್ಲೈಂಟಿನ ಗಡುವಿಗೆ ನಾಲ್ಕು ದಿನ ಇರುವಾಗ. ಮುಂದಿನ ಎಲ್ಲ ಸರ್ಕಾರಿ ಪೋರ್ಟಲುಗಳೂ ಪ್ಯಾನ್ ಹಿಡಿದುಕೊಂಡೇ ನಡೆಯುವುದರಿಂದ, ಫಾರ್ಮ್ 2 ಒತ್ತುವ ಮೊದಲೇ ಇನ್‌ಸ್ಟಿಟ್ಯೂಟಿನ ದಾಖಲೆ ಮತ್ತು ಪ್ಯಾನ್ ಎರಡರಲ್ಲೂ ಒಂದೇ ಹೆಸರು, ಒಂದೇ ಕ್ರಮ, ಒಂದೇ ಸ್ಪೆಲಿಂಗ್ ಇರುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಪ್ಯಾನಿನಲ್ಲಿ ಹೆಸರು ಹಿಂದುಮುಂದಾಗಿದ್ದರೆ ಅದನ್ನೇ ಮೊದಲು ತಿದ್ದಿಸಿ, ಅದು ಬೇಗ ಆಗುವ ಕೆಲಸ. ಎಸ್‌ಎಸ್‌ಎಲ್‌ಸಿ ಕಾರ್ಡು ತಿದ್ದಿಸುವ ದಾರಿ ಬಹಳ ಉದ್ದ. ಹುಟ್ಟಿದ ದಿನಾಂಕ ತಪ್ಪಿಲ್ಲದಿದ್ದರೆ ಆ ತಂಟೆಗೆ ಹೋಗದಿರುವುದೇ ವಾಸಿ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಅರ್ಜಿ ಬಾಕಿ ಇರುವಾಗ ಪ್ಯಾನಿನಲ್ಲೋ ಆಧಾರಿನಲ್ಲೋ ಹೆಸರು ಬದಲಿಸಬೇಡಿ. ಸದಸ್ಯತ್ವ ಸಂಖ್ಯೆ ಬಂದ ಮೇಲೆ ಬದಲಾಯಿಸುವುದಾದರೆ ಎಲ್ಲ ಕಡೆಯೂ ಒಟ್ಟಿಗೇ ಬದಲಾಯಿಸಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಪೋರ್ಟಲಿನಲ್ಲಿ ಆರ್ಟಿಕಲ್‌ಶಿಪ್ ಆಫೀಸಿನ ಇಮೇಲ್ ಕೊಟ್ಟಿದ್ದರೆ ಈಗಲೇ ತೆಗೆದು ಸ್ವಂತದ್ದು ಹಾಕಿ. ಮುಂದೆ ಸಹಿ ಹಾಕಿದ ಪ್ರತಿ ದಾಖಲೆಗೂ ತೆಗೆಯಬೇಕಾದ ಗುರುತಿನ ಸಂಖ್ಯೆ, ಅಂದರೆ ಯುಡಿನ್‌ಗೆ ಬರುವ ಒಟಿಪಿ ಆ ಇಮೇಲಿಗೇ, ಆ ಮೊಬೈಲಿಗೇ ಹೋಗುತ್ತದೆ.

ಶುಲ್ಕದ ವಿಷಯ. ಪ್ರವೇಶ ಶುಲ್ಕ ಒಮ್ಮೆ ಮಾತ್ರ, ವಾರ್ಷಿಕ ಶುಲ್ಕ ಪ್ರತಿ ವರ್ಷ, ಸಿಒಪಿ ತೆಗೆದುಕೊಂಡರೆ ಅದಕ್ಕೆ ಬೇರೆ. ಎಲ್ಲದರ ಮೇಲೂ ಶೇ 18 ಜಿಎಸ್‌ಟಿ. ವರ್ಷ ಎಂದರೆ ಏಪ್ರಿಲ್‌ನಿಂದ ಮಾರ್ಚ್. ತಿಂಗಳ ಲೆಕ್ಕದಲ್ಲಿ ಹಂಚುವುದಿಲ್ಲ. ಮಾರ್ಚಿನಲ್ಲಿ ಸದಸ್ಯರಾದವರು ಆ ವರ್ಷದ್ದು ಪೂರ್ತಿ ಕಟ್ಟಿ, ಏಪ್ರಿಲ್ 1ಕ್ಕೆ ಮತ್ತೆ ಕಟ್ಟಬೇಕು. ಕಂಪನಿ ಕೆಲಸಕ್ಕೆ ಹೋಗುವವರು ಹದಿನೈದು ದಿನ ತಡೆದು ಏಪ್ರಿಲ್‌ನಲ್ಲಿ ಹಾಕಿದರೆ ಉಳಿತಾಯ. ಸ್ವಂತ ಪ್ರಾಕ್ಟೀಸಿನವರು ಈ ಉಳಿತಾಯಕ್ಕೆ ಆಸೆಪಡಬಾರದು ಎಂಬುದು ನನ್ನ ಅಭಿಪ್ರಾಯ. ಐದು ವರ್ಷ ಬಿಡದೆ ಪ್ರಾಕ್ಟೀಸ್ ಮಾಡಿದ ಮೇಲೆ ಸದಸ್ಯತ್ವದ ಮೊದಲ ದರ್ಜೆಯಾದ ಅಸೋಸಿಯೇಟ್ ಹೋಗಿ ಮೇಲಿನ ದರ್ಜೆಯ ಫೆಲೋ ಆಗಬಹುದು, ಆ ಐದು ವರ್ಷದ ಗಡಿಯಾರ ಬೇಗ ಶುರುವಾದಷ್ಟೂ ಒಳ್ಳೆಯದು.

ಸಿಒಪಿಯ ಅರ್ಜಿ ಫಾರ್ಮ್ 6, ಅದೇ ಪೋರ್ಟಲಿನಲ್ಲಿ. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿಬಿಟ್ಟಿದೆ. ಆಡಿಟ್ ವರದಿಗೆ ಸಹಿ ಹಾಕಲು ಮಾತ್ರ ಸಿಒಪಿ ಬೇಕು, ಜಿಎಸ್‌ಟಿ ರಿಟರ್ನಿಗೂ ಲೆಕ್ಕ ಬರೆಯುವುದಕ್ಕೂ ಬೇಡ ಎಂದು ಎಷ್ಟೋ ಜನ ನಂಬಿದ್ದಾರೆ. ಚಿಕ್ಕಪೇಟೆಯ ನಾಲ್ಕು ಬಟ್ಟೆ ಅಂಗಡಿಗಳ ರಿಟರ್ನನ್ನು ಸಿಎ ಅಲ್ಲದ ಅಕೌಂಟೆಂಟ್ ಧಾರಾಳವಾಗಿ ಮಾಡಬಹುದು, ನಿಜ. ಸದಸ್ಯರ ವಿಷಯ ಬೇರೆ. ಕಾಯ್ದೆಯ 2ನೇ ಕಲಮಿನಲ್ಲಿ ಪ್ರಾಕ್ಟೀಸ್ ಎಂಬುದರ ವ್ಯಾಖ್ಯಾನ ಅಗಲವಾಗಿದೆ, ಹಣ ಪಡೆದು ಜನರಿಗೆ ಲೆಕ್ಕಪತ್ರದ ಸೇವೆ ಕೊಡುವುದೂ ಅದರಲ್ಲಿ ಬರುತ್ತದೆ. ಸಿಒಪಿ ಇಲ್ಲದೆ ಸದಸ್ಯರು ಭಾರತದಲ್ಲಾಗಲಿ ಹೊರಗಾಗಲಿ ಪ್ರಾಕ್ಟೀಸ್ ಮಾಡುವಂತಿಲ್ಲ ಎನ್ನುತ್ತದೆ 6ನೇ ಕಲಂ. ಹಾಗಾಗಿ ನಿನ್ನೆಯವರೆಗೆ ವಿದ್ಯಾರ್ಥಿಯಾಗಿ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸ ಸದಸ್ಯತ್ವ ಸಂಖ್ಯೆ ಬಂದ ದಿನದಿಂದ ದುರ್ನಡತೆಯ ದೂರಾಗಬಹುದು. ಕಂಪನಿ ಕೆಲಸದ ಜತೆ ಶನಿವಾರ ಭಾನುವಾರ ಪರಿಚಯದವರ ರಿಟರ್ನ್ ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಕಂಪನಿಯಲ್ಲಿ ಪೂರ್ಣಾವಧಿ ಕೆಲಸದಲ್ಲಿದ್ದೂ ಇನ್‌ಸ್ಟಿಟ್ಯೂಟಿನ ಅನುಮತಿ ಪಡೆದು ಸಿಒಪಿ ಇಟ್ಟುಕೊಳ್ಳಬಹುದು. ಆದರೆ ಅದರಿಂದ ಆಡಿಟ್ ವರದಿಗೋ ಸರ್ಟಿಫಿಕೇಟಿಗೋ ಸಹಿ ಹಾಕುವಂತಿಲ್ಲ, ಆರ್ಟಿಕಲ್ ಹುಡುಗರನ್ನು ತೆಗೆದುಕೊಳ್ಳುವಂತಿಲ್ಲ. ಫಾರ್ಮ್ 6ರಲ್ಲಿ ಬೇರೆ ಉದ್ಯೋಗ, ವ್ಯವಹಾರ ಏನಿದೆ ಎಂದು ಕೇಳುತ್ತಾರೆ. ಅಪ್ಪನ ಅಂಗಡಿಯ ಪಾಲುದಾರಿಕೆ ಪತ್ರದಲ್ಲಿ ಎಂದೋ ತೆರಿಗೆ ಲೆಕ್ಕಕ್ಕೆ ಮಗನ, ಮಗಳ ಹೆಸರು ಸೇರಿಸಿರುತ್ತಾರೆ, ತುಂಬುವವರಿಗೆ ಅದು ನೆನಪೇ ಇರುವುದಿಲ್ಲ. ಅಣ್ಣನ ಸ್ಟಾರ್ಟಪ್ಪಿನಲ್ಲಿ ಹೋಲ್‌ಟೈಮ್ ಡೈರೆಕ್ಟರ್ ಆಗಿರುವುದೂ ಹಾಗೆಯೇ. ಎರಡಕ್ಕೂ ಅನುಮತಿ ಬೇಕು. ಮುಚ್ಚಿಡುವುದು ಬೇಡ. ಪಾಲುದಾರಿಕೆ ಬೇಡವಾಗಿದ್ದರೆ ಮೊದಲು ಪತ್ರ ಬದಲಿಸಿ ಆಚೆ ಬಂದು, ಆಮೇಲೆ ಅರ್ಜಿ ಹಾಕಿ.

ಸಿಒಪಿ ಬಂದ ಮೇಲೆ ಸ್ವಂತ ಹೆಸರಿನಲ್ಲೇ ಪ್ರಾಕ್ಟೀಸ್ ಮಾಡಬಹುದು, ಸದಸ್ಯತ್ವ ಸಂಖ್ಯೆಯೊಂದೇ ಸಾಕು. ‘ಅಂಡ್ ಕೋ’, ‘ಅಂಡ್ ಅಸೋಸಿಯೇಟ್ಸ್’ ಎಂದು ಬೋರ್ಡು ಹಾಕಬೇಕಿದ್ದರೆ ಮೊದಲು ಫಾರ್ಮ್ 117ರಲ್ಲಿ ಹೆಸರಿಗೆ ಒಪ್ಪಿಗೆ, ಆಮೇಲೆ ಫಾರ್ಮ್ 18ರಲ್ಲಿ ಫರ್ಮಿನ ವಿವರ. ಫರ್ಮಿನ ಹೆಸರು ರಿಜಿಸ್ಟರಿನಲ್ಲಿರುವ ನಿಮ್ಮ ಹೆಸರಿನಿಂದಲೇ ಹುಟ್ಟಬೇಕು. ‘ಗಾರ್ಡನ್ ಸಿಟಿ ಟ್ಯಾಕ್ಸ್ ಸಲ್ಯೂಷನ್ಸ್’ ತರಹದ್ದು ನಡೆಯುವುದಿಲ್ಲ. ಮಂಜುನಾಥ್ ಅಂಡ್ ಕೋ, ರಾವ್ ಅಂಡ್ ಅಸೋಸಿಯೇಟ್ಸ್ ಇವನ್ನು ಯಾರೋ ಮೊದಲೇ ತೆಗೆದುಕೊಂಡಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಇನಿಶಿಯಲ್ ಸೇರಿಸಿದ ಮೂರು ನಾಲ್ಕು ಆಯ್ಕೆ ಸಿದ್ಧವಿಟ್ಟುಕೊಳ್ಳಿ. ಮೇಲೆ ಹೇಳಿದ ಹೆಸರಿನ ಗೊಂದಲ ಮೊದಲೇ ಬಗೆಹರಿಸಿಕೊಂಡಿದ್ದರೆ ಇಲ್ಲಿಯೂ ಅನುಕೂಲ. ಒಪ್ಪಿಗೆಯಾದರೆ ಫರ್ಮ್ ನೋಂದಣಿ ಸಂಖ್ಯೆ, ಎಫ್‌ಆರ್‌ಎನ್ ಬರುತ್ತದೆ. ಆರು ಅಂಕಿ, ದಕ್ಷಿಣ ವಲಯಕ್ಕೆ ಸೇರಿದ ಬೆಂಗಳೂರಿನವರಿಗೆ ಕೊನೆಯಲ್ಲಿ ‘ಎಸ್’ ಅಕ್ಷರ.

ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ಇದಾದ ಮೇಲೆಯೇ ಹೋಗಿ. ಒಬ್ಬರೇ ನಡೆಸುವ ಫರ್ಮಿಗೆ ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಡಿ ಒಪ್ಪುವ ದಾಖಲೆಗಳಲ್ಲಿ ವೃತ್ತಿ ಸಂಸ್ಥೆ ಕೊಟ್ಟ ಪ್ರಾಕ್ಟೀಸ್ ಸರ್ಟಿಫಿಕೇಟೂ ಒಂದು, ಆದರೆ ಅದು ಫರ್ಮಿನ ಹೆಸರಿನಲ್ಲಿರಬೇಕು. ವೈಯಕ್ತಿಕ ಹೆಸರಿನ ಸಿಒಪಿ ಹಿಡಿದುಕೊಂಡು ಹೋದವರನ್ನು ಕೌಂಟರಿನವರು ವಾಪಸು ಕಳಿಸುವುದು ಇದೇ ಕಾರಣಕ್ಕೆ.

ಈಗ ಸಹಿ. ಕ್ಲಾಸ್ 3 ಡಿಜಿಟಲ್ ಸಹಿ ತೆಗೆದುಕೊಂಡು, ಆದಾಯ ತೆರಿಗೆ ಪೋರ್ಟಲಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ವರ್ಗದಲ್ಲಿ ನೋಂದಾಯಿಸಿ. ಲಾಗಿನ್ ಹೆಸರು ‘ಎಆರ್‌ಸಿಎ’ ಎಂಬ ನಾಲ್ಕಕ್ಷರ, ಅದರ ಮುಂದೆ ನಿಮ್ಮ ಆರಂಕಿಯ ಸದಸ್ಯತ್ವ ಸಂಖ್ಯೆ. ಅಲ್ಲಿ ಎನ್‌ರೋಲ್‌ಮೆಂಟ್ ದಿನಾಂಕ ಕೇಳಿದಾಗ ಸದಸ್ಯತ್ವದ ದಿನಾಂಕ ಕೊಡಬೇಕು. ಸಿಒಪಿ ದಿನಾಂಕ ಕೊಟ್ಟು, ಹೊಂದುತ್ತಿಲ್ಲ ಎಂದು ಒದ್ದಾಡುವವರು ಬಹಳ. ನೋಂದಣಿಯಾದ ಮೇಲೆ ಕ್ಲೈಂಟು ತಮ್ಮ ಲಾಗಿನ್‌ನಿಂದ ನಿಮ್ಮನ್ನು ಸೇರಿಸಿ, ಫಾರ್ಮ್ ಹಂಚಬೇಕು. ನೀವು ಒಪ್ಪಿಕೊಂಡು ತುಂಬಿ ಸಹಿ ಮಾಡಿದ ಮೇಲೆ ಅವರು ಮತ್ತೆ ಅಂಗೀಕರಿಸಬೇಕು. ಈ ಕೊನೆಯ ಹೆಜ್ಜೆಯನ್ನು ಮರೆತರೆ ಆಡಿಟ್ ವರದಿ ಸಲ್ಲಿಕೆಯಾದಂತಲ್ಲ. ಕ್ಲೈಂಟಿಗೆ ಫೋನು ಮಾಡಿ, ಒಪ್ಪಿದ ರಸೀದಿಯ ಸ್ಕ್ರೀನ್‌ಶಾಟ್ ತರಿಸಿಕೊಂಡರೆ ನೆಮ್ಮದಿ.

ಯುಡಿನ್ ಇಲ್ಲದ ಸಹಿಗೆ ಇಂದು ಬೆಲೆ ಇಲ್ಲ. 2019ರ ಫೆಬ್ರವರಿ 1ರಿಂದ ಸರ್ಟಿಫಿಕೇಟುಗಳಿಗೆ, ಏಪ್ರಿಲ್ 1ರಿಂದ ಟ್ಯಾಕ್ಸ್ ಆಡಿಟ್ ಮತ್ತು ಜಿಎಸ್‌ಟಿ ವರದಿಗಳಿಗೆ, ಜುಲೈ 1ರಿಂದ ಉಳಿದೆಲ್ಲ ಆಡಿಟ್ ಕೆಲಸಕ್ಕೂ ಅದು ಕಡ್ಡಾಯ. ಒಟ್ಟು 18 ಅಕ್ಷರ: ಮೊದಲ ಎರಡು ವರ್ಷದ್ದು, ನಂತರದ ಆರು ಸದಸ್ಯತ್ವ ಸಂಖ್ಯೆ, ಉಳಿದ ಹತ್ತನ್ನು ಯಂತ್ರ ಕೊಡುತ್ತದೆ. ದಾಖಲೆಯನ್ನು ಏರಿಸಬೇಕಿಲ್ಲ, ದಾಖಲೆಯ ಬಗೆ, ಸಹಿಯ ದಿನಾಂಕ ಮತ್ತು ಮುಖ್ಯ ಅಂಕಿಗಳನ್ನು ತುಂಬಿದರೆ ಸಾಕು. ಬ್ಯಾಂಕಿನವರು ನಿಮ್ಮ ನೆಟ್‌ವರ್ತ್ ಸರ್ಟಿಫಿಕೇಟನ್ನು ಆ ಸಂಖ್ಯೆ ಹಾಕಿ ಪರೀಕ್ಷಿಸಿದಾಗ ಕಾಣುವುದು ಆ ಅಂಕಿಗಳೇ. ಕಾಗದದಲ್ಲಿ 48 ಲಕ್ಷ, ಯುಡಿನ್‌ನಲ್ಲಿ 84 ಲಕ್ಷ ಎಂದಾದರೆ ಸಾಲದ ಫೈಲು ಅಲ್ಲೇ ನಿಂತಿತು. ಒಮ್ಮೆ ತೆಗೆದ ಯುಡಿನ್ ತಿದ್ದಲಾಗದು, ಕಾರಣ ಕೊಟ್ಟು ರದ್ದು ಮಾಡಿ ಹೊಸದು ತೆಗೆಯಬೇಕು. ಸಹಿ ಹಾಕಿದ 60 ದಿನದೊಳಗೆ ತೆಗೆಯಲು ಅವಕಾಶವಿದೆ, ಆದರೆ ಅಷ್ಟು ದಿನ ಬಿಡುವುದೇಕೆ? ಸಹಿಯ ಮೇಜಿನಲ್ಲೇ ಕೂತು ತೆಗೆದು, ಕಾಗದದ ಮೇಲೆ ಬರೆದು, ಆಮೇಲೆ ಏಳುವ ರೂಢಿ ಮಾಡಿಕೊಳ್ಳಿ. ಸಹಿಯ ಕೆಳಗೆ ಹೆಸರು, ಪ್ರೊಪ್ರೈಟರೋ ಪಾರ್ಟ್ನರೋ ಎಂಬುದು, ಸದಸ್ಯತ್ವ ಸಂಖ್ಯೆ, ಫರ್ಮಿನ ಹೆಸರು, ಎಫ್‌ಆರ್‌ಎನ್, ಯುಡಿನ್, ಸ್ಥಳ ಬೆಂಗಳೂರು, ದಿನಾಂಕ ಎಲ್ಲವೂ ಇರುವ ಒಂದು ನಮೂನೆಯನ್ನು ಮೊದಲ ದಿನವೇ ಮಾಡಿಟ್ಟುಕೊಂಡರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಊರಿನ ನೋಂದಣಿಗಳು ಹೆಚ್ಚು ಕಷ್ಟವಲ್ಲ. ಕರ್ನಾಟಕದ ವೃತ್ತಿ ತೆರಿಗೆಗೆ ಇ-ಪ್ರೇರಣಾ ಪೋರ್ಟಲಿದೆ. ಸಂವಿಧಾನವೇ ಮಿತಿ ಹಾಕಿರುವುದರಿಂದ ಅದು ವರ್ಷಕ್ಕೆ 2,500 ರೂಪಾಯಿ ಮೀರುವುದಿಲ್ಲ. ನೌಕರರನ್ನು ಇಟ್ಟುಕೊಂಡು ಆಫೀಸು ನಡೆಸುವವರು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕಡೆಗೂ ಗಮನ ಕೊಡಬೇಕು. ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ತಮಿಳುನಾಡಿನ ಹೊಸೂರಿನ ಕ್ಲೈಂಟಿಗೆ ಬಿಲ್ ಮಾಡಿದರೂ, ಬರೀ ಸೇವೆಯಾದ್ದರಿಂದ, ಅದೇ ಮಿತಿ.

ಬೋರ್ಡಿನ ವಿಷಯದಲ್ಲಿ ಎರಡು ಕಡೆಯ ನಿಯಮ ಒಂದೇ ಹಲಗೆಯ ಮೇಲೆ ಬರುತ್ತದೆ. ರಾಜ್ಯದ 2024ರ ತಿದ್ದುಪಡಿಯಂತೆ ಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು. ಇನ್‌ಸ್ಟಿಟ್ಯೂಟಿನ ಶಿಸ್ತಿನಂತೆ ದೊಡ್ಡ ಗಾತ್ರದ, ದೀಪ ಹೊಳೆಯುವ ಫಲಕ ಕೂಡದು. ಏಕೆಂದರೆ ಅದು ಜಾಹೀರಾತಿನ ಲೆಕ್ಕಕ್ಕೆ ಬರುತ್ತದೆ. ‘ಸನ್ನದು ಲೆಕ್ಕಪರಿಶೋಧಕರು’ ಎಂದು ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ, ಸಾದಾ ಹಲಗೆಯ ಮೇಲೆ ಬರೆಸಿದರೆ ಎರಡೂ ನಡೆದುಹೋಗುತ್ತದೆ, ನೋಡಲೂ ಚೆಂದ. ‘ತೆರಿಗೆ ಸಲಹೆಗಾರರು’, ‘ಜಿಎಸ್‌ಟಿ ತಜ್ಞರು’ ಎಂಬ ಬಾಲ ಬೇಡ. ಮನೆ ಬಾಗಿಲಿಗೆ ಹಾಕುವುದಾದರೆ ನಿಮ್ಮ ಹೆಸರಿನ ಫಲಕ ಹಾಕಬಹುದು, ಫರ್ಮಿನದ್ದಲ್ಲ.

ಮೊದಲ ಆಡಿಟ್ ಕೈಗೆ ಬಂದಾಗ ಖುಷಿಯಲ್ಲಿ ಮರೆಯುವ ಕಾಗದ ಒಂದಿದೆ, ಹಿಂದಿನ ಆಡಿಟರಿಗೆ ಬರೆಯಬೇಕಾದ ಪತ್ರ. ಒಪ್ಪಿಕೊಳ್ಳುವ ಮೊದಲೇ ಬರೆಯಬೇಕು. ಫೋನಿನಲ್ಲಿ ಮಾತಾಡಿದೆ ಎಂದರೆ ಲೆಕ್ಕಕ್ಕಿಲ್ಲ. ತಲುಪಿದ ಪುರಾವೆ ಉಳಿಯುವಂತೆ ಅಂಚೆಯಲ್ಲೋ, ಅವರು ಉತ್ತರಿಸಿದ ಇಮೇಲಿನಲ್ಲೋ ಇರಬೇಕು. ಇದು ಅವರ ಅಪ್ಪಣೆ ಕೇಳುವುದಲ್ಲ, ಈ ಕೆಲಸ ಒಪ್ಪದಿರಲು ವೃತ್ತಿಯ ಕಾರಣವೇನಾದರೂ ಇದೆಯೇ ಎಂದು ವಿಚಾರಿಸುವುದು. ಹಾಗೆಯೇ ಕ್ಲೈಂಟಿನ ಪರವಾಗಿ ಸೈಟು ಮನೆ ಕೊಡುಕೊಳ್ಳುವ ವ್ಯವಹಾರ, ಅವರ ಹಣ ಅಥವಾ ಬ್ಯಾಂಕ್ ಖಾತೆ ನಡೆಸುವುದು ಇವೆಲ್ಲ 2023ರ ಮೇ ತಿಂಗಳ ಅಧಿಸೂಚನೆಯಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಬೆಂಗಳೂರಿನಲ್ಲಿ ಜಮೀನಿನ ವ್ಯವಹಾರದವರು ‘ಸ್ವಲ್ಪ ನೀವೇ ನೋಡಿಕೊಳ್ಳಿ ಸಾರ್’ ಎನ್ನುವುದು ಸಾಮಾನ್ಯ. ಹೊಸಬರು ಆ ಕೆಲಸಕ್ಕೆ ಕೈ ಹಾಕದಿರುವುದು ಕ್ಷೇಮ.

ಒಮ್ಮೆ ಬಂದ ಸದಸ್ಯತ್ವ ತಾನಾಗಿಯೇ ಉಳಿಯುವುದಿಲ್ಲ. ವಾರ್ಷಿಕ ಶುಲ್ಕ ಏಪ್ರಿಲ್ 1ಕ್ಕೆ ಬಾಕಿಯಾಗುತ್ತದೆ, ಕಟ್ಟಲು ಸಾಮಾನ್ಯವಾಗಿ ಸೆಪ್ಟೆಂಬರ್ 30ರವರೆಗೆ ಸಮಯ. ಕಟ್ಟದಿದ್ದರೆ ಅಕ್ಟೋಬರ್ 1ರಿಂದ ಹೆಸರು ತೆಗೆಯುತ್ತಾರೆ, ಅದರೊಡನೆ ಸಿಒಪಿಯೂ ಹೋಗುತ್ತದೆ. ಟ್ಯಾಕ್ಸ್ ಆಡಿಟಿನ ಗಡುವೂ ಸೆಪ್ಟೆಂಬರ್ 30. ಸರ್ಕಾರ ಆ ಗಡುವನ್ನು ಮುಂದೂಡಿದ ವರ್ಷ, ಕ್ಲೈಂಟಿಗೆ ಸಮಯ ಸಿಕ್ಕಿತು ಎಂದು ಅಕ್ಟೋಬರಿನಲ್ಲಿ ಸಹಿಗೆ ಕೂತಾಗ, ಸಹಿ ಹಾಕುವವರ ಹೆಸರೇ ರಿಜಿಸ್ಟರಿನಲ್ಲಿ ಇಲ್ಲದಿರಬಹುದು. ಮತ್ತೆ ಸೇರಲು ಫಾರ್ಮ್ 9, ಹೆಚ್ಚುವರಿ ಶುಲ್ಕ, ಕಾಯುವ ದಿನಗಳು. ಏಪ್ರಿಲ್ ಮೊದಲ ವಾರವೇ ಕಟ್ಟಿ, ಜತೆಗೆ ಕೇಳುವ, ಸದಸ್ಯರ ವಿವರಗಳ ಕೆವೈಎಂ ಫಾರ್ಮನ್ನೂ ತುಂಬಿಬಿಡಿ. ಮುಂದುವರಿದ ವೃತ್ತಿ ಕಲಿಕೆಯ, ಅಂದರೆ ಸಿಪಿಇ ಗಂಟೆಗಳ ಲೆಕ್ಕ ಮಾತ್ರ ಏಪ್ರಿಲ್‌ನಿಂದಲ್ಲ, ಜನವರಿಯಿಂದ ಡಿಸೆಂಬರ್. ವಸಂತನಗರದ ಶಾಖೆಯ ಕಾರ್ಯಕ್ರಮಗಳಿಗೆ ಬಿಡುವಿದ್ದಾಗ, ಅಂದರೆ ಜೂನ್‌ಗೆ ಮೊದಲೇ, ಹೋಗಿ ಬನ್ನಿ. ಡಿಸೆಂಬರಿನ ಕೊನೆಯ ವಾರ ಅಲ್ಲಿ ಕುರ್ಚಿ ಸಿಗುವುದಿಲ್ಲ.